ಇನ್ನೂರಕ್ಕೆ ತುಂಡಾಗುವ ಸಾಲು

ಜಿಡಿಬಿ ಡಿಬಗರ್ ಬಳಸಿದವರಿಗೆಲ್ಲ ಆ ಮೂರು ಚುಕ್ಕಿಗಳು ಗೊತ್ತು. ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ, ಡೇಟಾಬೇಸಿಗೆ ಹೊರಟ ಉದ್ದನೆಯ ಕ್ವೆರಿಯಲ್ಲಿ ಏನಿದೆಯೆಂದು ನೋಡಲು ಪ್ರಿಂಟ್ ಕೊಟ್ಟರೆ 200ರವರೆಗೆ ತೋರಿಸಿ ಅಲ್ಲಿಗೆ ಚುಕ್ಕಿ ಇಟ್ಟುಬಿಡುತ್ತದೆ. ನಾವು ಹುಡುಕುವ ತಪ್ಪು ಮಾತ್ರ ಯಾವಾಗಲೂ ಅದರಾಚೆಗೇ ಕೂತಿರುತ್ತದೆ. ಇದಕ್ಕೆ ಮದ್ದು ಎಲ್ಲರಿಗೂ ಬಾಯಿಪಾಠ: ‘ಸೆಟ್ ಪ್ರಿಂಟ್ ಎಲಿಮೆಂಟ್ಸ್ 0’. ಇಲ್ಲಿ ಸೊನ್ನೆಯೆಂದರೆ ಮಿತಿಯೇ ಇಲ್ಲ. ಆ ಸಾಲನ್ನು ಇನಿಟ್ ಫೈಲಿಗೆ ಸೇರಿಸಿ ಮರೆತುಬಿಡುತ್ತೇವೆ. ಮುಂದೊಂದು ದಿನ, ಒಳಗೆ ಹದಿನೈದು ಸಾವಿರ ಇಂಟಿಜರುಗಳ ಅರೇ ಇರುವ ಸ್ಟ್ರಕ್ಚರನ್ನು ಗಮನಿಸದೆ ಪ್ರಿಂಟ್ ಮಾಡಿದಾಗ ಪರದೆಯ ಮೇಲೆ ಅಂಕಿಗಳ ಹೊಳೆ ಹರಿಯುತ್ತದೆ. ನಾನಂತೂ ಈ ಹೊಳೆಯಲ್ಲಿ ಎಷ್ಟು ಸಲ ಮುಳುಗಿ ಎದ್ದಿದ್ದೇನೋ ಲೆಕ್ಕವಿಲ್ಲ.

ಎರಡು ಬೇರೆ ಬೇರೆ ಅಗತ್ಯಗಳಿಗೆ ಒಂದೇ ತಿರುಪು ಕೊಟ್ಟದ್ದು ಜಿಡಿಬಿಯ ಹಳೆಯ ದೋಷ. ಅದರ ಬೇರು ಸಿ ಭಾಷೆಯಲ್ಲಿದೆ. ಸಿ ಭಾಷೆಯಲ್ಲಿ ಸ್ಟ್ರಿಂಗ್ ಎನ್ನುವ ಪ್ರತ್ಯೇಕ ಜಾತಿಯೇ ಇಲ್ಲ. ಸೊನ್ನೆಯಲ್ಲಿ ಮುಗಿಯುವ ಚಾರ್‌ಗಳ ಸಾಲನ್ನೇ ನಾವು ಸ್ಟ್ರಿಂಗ್ ಎಂದು ಕರೆಯುತ್ತೇವೆ. 1986ರಲ್ಲಿ ರಿಚರ್ಡ್ ಸ್ಟಾಲ್ಮನ್ ಬರೆದ ಈ ಡಿಬಗರ್ ಸಿ ಭಾಷೆಯ ಕಣ್ಣಿನಿಂದಲೇ ಲೋಕವನ್ನು ನೋಡುತ್ತಾ ಬೆಳೆಯಿತು. ಆ ಕಣ್ಣಿಗೆ ಅಕ್ಷರವೂ ಒಂದು ಎಲಿಮೆಂಟ್, ಅಂಕಿಯೂ ಒಂದು ಎಲಿಮೆಂಟ್. ಓದುವ ಮನುಷ್ಯನಿಗೆ ಹಾಗಲ್ಲ. ಸಾವಿರ ಅಕ್ಷರದ ವಾಕ್ಯವನ್ನು ನಾವು ಓದುತ್ತೇವೆ, ಸಾವಿರ ಅಂಕಿಗಳನ್ನು ಯಾರೂ ಓದುವುದಿಲ್ಲ.

2023ರ ಕೊನೆಯಲ್ಲಿ ಬಂದ ಜಿಡಿಬಿ 14 ಇದನ್ನು ಬಿಡಿಸಿತು. ‘ಪ್ರಿಂಟ್ ಕ್ಯಾರಕ್ಟರ್ಸ್’ ಎಂಬ ಹೊಸ ಸೆಟ್ಟಿಂಗ್ ಸ್ಟ್ರಿಂಗುಗಳ ಮಿತಿಯನ್ನು ಮಾತ್ರ ನೋಡಿಕೊಳ್ಳುತ್ತದೆ. ಅದಕ್ಕೆ ಒಂದು ಸಂಖ್ಯೆ ಕೊಡಬಹುದು, ‘ಅನ್‌ಲಿಮಿಟೆಡ್’ ಎನ್ನಬಹುದು, ಇಲ್ಲವೇ ‘ಎಲಿಮೆಂಟ್ಸ್’ ಎಂಬ ಪದವನ್ನೇ ಬೆಲೆಯಾಗಿ ಕೊಡಬಹುದು. ಈ ಮೂರನೆಯದೇ ಡೀಫಾಲ್ಟ್. ನೀವು ಬೇರೇನೂ ಹೇಳದಿದ್ದರೆ ಸ್ಟ್ರಿಂಗುಗಳು ಮುಂಚಿನಂತೆ ಎಲಿಮೆಂಟ್ಸ್ ಮಿತಿಯ ಬೆನ್ನಿಗೇ ನಡೆಯುತ್ತವೆ ಎಂದರ್ಥ.

ಇದರ ಜಾಣ್ಮೆ ತಿಳಿಯಬೇಕಾದರೆ ಜಿಡಿಬಿ ರೂಪಿಸುವವರು ಮಾಡಬಹುದಾಗಿದ್ದ ತಪ್ಪನ್ನು ಊಹಿಸಿಕೊಳ್ಳಬೇಕು. ಹೊಸ ಸೆಟ್ಟಿಂಗಿಗೆ ತನ್ನದೇ ಆದ 200 ಎಂಬ ಡೀಫಾಲ್ಟ್ ಕೊಡುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ನೋಡಲು ಏನೂ ಕೆಡುವುದಿಲ್ಲ. ಆದರೆ ರಾತ್ರಿ ಕ್ರ್ಯಾಶ್ ಆದ ಸರ್ವರಿನ ಕೋರ್ ಫೈಲನ್ನು ಬ್ಯಾಚ್ ಮೋಡಿನಲ್ಲಿ ತೆರೆದು, ಎಲಿಮೆಂಟ್ಸ್ ಸೊನ್ನೆ ಮಾಡಿ, ಬೇಕಾದ ವೇರಿಯಬಲ್‌ಗಳನ್ನೆಲ್ಲ ಲಾಗಿಗೆ ಬರೆಯುವ ಹಳೆಯ ಸ್ಕ್ರಿಪ್ಟುಗಳ ಗತಿ ಏನು? ಅವು ಒಂದೇ ಒಂದು ಎರರ್ ಕೊಡದೆ ಓಡುತ್ತವೆ, ಲಾಗ್ ಮಾತ್ರ 200ಕ್ಕೆ ತುಂಡಾಗಿರುತ್ತದೆ. ಆ ಲಾಗನ್ನು ತೆರೆಯುವಾತ ಕೊನೆಯ ಚುಕ್ಕಿಗಳನ್ನು ಗಮನಿಸದಿದ್ದರೆ ನಿಜವಾದ ಸ್ಟ್ರಿಂಗೇ ಅಷ್ಟು ಎಂದುಕೊಂಡು ಇಲ್ಲದ ದೋಷದ ಹಿಂದೆ ಬೀಳುತ್ತಾನೆ. ಕೂಗಿ ಮುರಿಯುವ ಬದಲಾವಣೆಯನ್ನು ಕ್ಷಮಿಸಬಹುದು. ಡಿಬಗರೇ ಸದ್ದಿಲ್ಲದೆ ಸುಳ್ಳು ಹೇಳತೊಡಗಿದರೆ ಸತ್ಯ ಕೇಳಲು ಬೇರೆ ಯಾರ ಬಳಿ ಹೋಗುವುದು?

ಇನ್ನೂ ಒಂದು ಕಾರಣಕ್ಕೆ ಈ ವಿನ್ಯಾಸ ನನಗೆ ಇಷ್ಟ. ಹಳೆಯ ನಡತೆ ಕೋಡಿನೊಳಗೆ ಎಲ್ಲೋ ಗುಟ್ಟಾದ ವಿನಾಯಿತಿಯಾಗಿ ಉಳಿದಿಲ್ಲ, ಅದಕ್ಕೊಂದು ಹೆಸರಿದೆ. ಹೆಸರಿರುವುದರಿಂದ ಹೊಸ ಬೆಲೆ ಕೊಟ್ಟು ನೋಡಿದವರು ಮತ್ತೆ ಅದೇ ಹೆಸರು ಹೇಳಿ ಹಳೆಯ ಸ್ಥಿತಿಗೆ ಮರಳಬಹುದು.

ಹಾಗೆಂದು ಹಳೆಯದನ್ನೆಲ್ಲ ಕಾಯಲೇಬೇಕೆಂದಿಲ್ಲ. ಕಮಾಂಡ್ ಹಿಸ್ಟರಿಯ ಉದ್ದಕ್ಕೆ ಜಿಡಿಬಿ ಬಹುಕಾಲ ‘ಹಿಸ್ಟ್‌ಸೈಜ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲನ್ನು ಓದುತ್ತಿತ್ತು. ಬ್ಯಾಷ್ ಶೆಲ್ ಬಳಸುವುದೂ ಅದೇ ಹೆಸರನ್ನು. ಶೆಲ್‌ಗೆಂದು ಬರೆದದ್ದು ಡಿಬಗರಿಗೂ ತಗಲುತ್ತಿತ್ತು. 2015ರಲ್ಲಿ ಆ ನಂಟನ್ನು ಕಡಿದು ‘ಜಿಡಿಬಿಹಿಸ್ಟ್‌ಸೈಜ್’ ಎಂಬ ಸ್ವಂತ ಹೆಸರು ಇಟ್ಟುಕೊಂಡರು. ಅಲ್ಲಿ ಹಳೆಯ ನಡತೆಯೇ ರೋಗವಾಗಿತ್ತು, ಕಡಿದದ್ದು ಸರಿ.

ಸೊನ್ನೆಯ ವಿಷಯದಲ್ಲಿ ಮಾತ್ರ ಜಿಡಿಬಿಗೆ ಹಳೆಯ ಋಣ ತೀರಿಸಲು ಇನ್ನೂ ಆಗಿಲ್ಲ. ಎಲಿಮೆಂಟ್ಸ್ ಸೊನ್ನೆಯಾದರೆ ಎಲ್ಲವನ್ನೂ ತೋರಿಸುತ್ತದೆ. ‘ಮ್ಯಾಕ್ಸ್ ಡೆಪ್ತ್’ ಸೊನ್ನೆಯಾದರೆ ಸ್ಟ್ರಕ್ಚರಿನ ಒಳಗಿನದೇನನ್ನೂ ತೋರಿಸದೆ ಬರೀ ಆವರಣ ಚಿಹ್ನೆ, ನಡುವೆ ಚುಕ್ಕಿ. ‘ಮ್ಯಾಕ್ಸ್ ಕಂಪ್ಲೀಷನ್ಸ್’ ಸೊನ್ನೆಯಾದರೆ ಟ್ಯಾಬ್ ಒತ್ತಿದಾಗ ಪದ ತುಂಬಿಸುವ ಸೌಲಭ್ಯವೇ ಬಂದ್. ಒಂದು ಕಡೆ ಸೊನ್ನೆ ಎಂದರೆ ಅನಂತ, ಇನ್ನೊಂದು ಕಡೆ ಬರೀ ಶೂನ್ಯ. ‘ಅನ್‌ಲಿಮಿಟೆಡ್’ ಎಂಬ ಪದವನ್ನು ಎಲ್ಲೆಡೆ ಒಪ್ಪುವಂತೆ ಮಾಡಿದ್ದು ಒಳ್ಳೆಯದೇ, ಆದರೆ ನಮ್ಮ ಬೆರಳುಗಳಿಗೆ ಸೊನ್ನೆಯೇ ಅಭ್ಯಾಸ.

ಹೊಸ ಸೆಟ್ಟಿಂಗಿನ ಹೆಸರಿನ ಬಗ್ಗೆಯೂ ನನ್ನ ತಕರಾರಿದೆ, ಅದು ಕನ್ನಡ ಬರೆಯುವವರ ತಕರಾರು. ಕ್ಯಾರಕ್ಟರ್ಸ್ ಎಂದರೂ ಚಾರ್ ಪಾಯಿಂಟರಿನ ಸ್ಟ್ರಿಂಗಿನಲ್ಲಿ ಅದು ಎಣಿಸುವುದು ಸಿ ಭಾಷೆಯ ಚಾರ್‌ಗಳನ್ನು, ಅಂದರೆ ಬೈಟುಗಳನ್ನು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟಿಗೆ 3 ಬೈಟು ಬೇಕು. ‘ಕನ್ನಡ’ ಎಂಬ ಪದವೇ ಕ, ನ, ವಿರಾಮ ಚಿಹ್ನೆ, ನ, ಡ ಎಂದು ಐದು ಕೋಡ್ ಪಾಯಿಂಟಾಗಿ 15 ಬೈಟು ತಿನ್ನುತ್ತದೆ. ಜಾಗ ಬಿಡದೆ ಬರೆದ ಕನ್ನಡವಾದರೆ 200ರ ಮಿತಿಯೊಳಗೆ 66 ಕೋಡ್ ಪಾಯಿಂಟು ಹಿಡಿದು, 67ನೆಯದರ ಮೂರು ಬೈಟಿನಲ್ಲಿ ಎರಡು ಮಾತ್ರ ಒಳಗೆ ಬಂದು ನಿಲ್ಲುತ್ತದೆ. ಆ ತುಂಡನ್ನು ಜಿಡಿಬಿ ಅಪೂರ್ಣ ಎಂದು ಗುರುತು ಮಾಡಿ ಆಕ್ಟಲ್ ಅಂಕಿಗಳಲ್ಲಿ ತೋರಿಸುತ್ತದೆ. ಇಂಗ್ಲಿಷ್ ಸಾಲಿಗೆ ಸಿಗುವ ಜಾಗದಲ್ಲಿ ನಮಗೆ ಸಿಗುವುದು ಮೂರನೇ ಒಂದು ಪಾಲು. ಇದು ಹೊಸ ತಪ್ಪಲ್ಲ, ಹಿಂದಿನಿಂದ ಬಂದದ್ದು. ಆದರೆ ಎಲಿಮೆಂಟ್ಸ್ ಎಂಬ ಹೆಸರಿದ್ದಾಗ ಅದು ಸುಳ್ಳಾಗಿರಲಿಲ್ಲ.

ಇಷ್ಟಾದರೂ ನನ್ನ ಇನಿಟ್ ಫೈಲನ್ನು ಬದಲಿಸಿಕೊಂಡಿದ್ದೇನೆ: ಎಲಿಮೆಂಟ್ಸ್ 200, ಕ್ಯಾರಕ್ಟರ್ಸ್ ಅನ್‌ಲಿಮಿಟೆಡ್. ಅದೇ ಫೈಲನ್ನು ಹಳೆಯ ಜಿಡಿಬಿ ಇರುವ ಮಷೀನಿಗೆ ಒಯ್ದ ದಿನ ಅದು ಕ್ಯಾರಕ್ಟರ್ಸ್ ಎಂಬುದೇ ಗೊತ್ತಿಲ್ಲವೆಂದು ಎರರ್ ಕೊಟ್ಟು, ಅಲ್ಲಿಂದ ಮುಂದಿನ ಸಾಲುಗಳನ್ನು ಓದದೆ ಕೈಬಿಟ್ಟಿತು. ಈಗ ಆ ಸಾಲು ಫೈಲಿನ ಕಟ್ಟಕಡೆಯಲ್ಲಿದೆ.