ರೋಗಕ್ಕೊಂದು ಜೀವನಚರಿತ್ರೆ

ಸಿದ್ಧಾರ್ಥ ಮುಖರ್ಜಿಯವರು 2010ರಲ್ಲಿ ಪ್ರಕಟಿಸಿದ ‘ದಿ ಎಂಪರರ್ ಆಫ್ ಆಲ್ ಮ್ಯಾಲಡೀಸ್’ ಎಂಬ ಗ್ರಂಥವು, ಕ್ಯಾನ್ಸರ್ ರೋಗದ ಇತಿಹಾಸವನ್ನು ಸಾಮಾನ್ಯ ವಾಚಕರಿಗೆ ತಿಳಿಸತಕ್ಕ ಪುಸ್ತಕಗಳಲ್ಲಿ ಬಹು ಪ್ರಸಿದ್ಧವಾದುದು. 2011ರಲ್ಲಿ ಅದಕ್ಕೆ ಪುಲಿಟ್ಜರ್ ಬಹುಮಾನವೂ ದೊರೆಯಿತು. ಗ್ರಂಥಕರ್ತರು ಅದನ್ನು ರೋಗದ ಜೀವನಚರಿತ್ರೆಯೆಂದು ಕರೆದಿರುವರು. ಈ ಹೆಸರು ಬರಿಯ ಅಲಂಕಾರವಲ್ಲ. ಗ್ರಂಥದ ಗುಣದೋಷಗಳೆರಡಕ್ಕೂ ಅದೇ ಮೂಲವಾಗಿದೆ.

ಜೀವನಚರಿತ್ರೆಗೆ ಒಬ್ಬ ನಾಯಕನು ಬೇಕು. ಕ್ಯಾನ್ಸರಾದರೋ ಒಂದೇ ರೋಗವಲ್ಲ. ಜೀವಕೋಶಗಳು ಅಂಕೆ ಮೀರಿ ಬೆಳೆಯುವ ಅನೇಕ ರೋಗಗಳ ಸಮೂಹ. ಅವಕ್ಕೆಲ್ಲ ಒಂದು ರೂಪವನ್ನು ಮೊದಲು ಕೊಟ್ಟುದು ಭಾಷೆ. ಗ್ರೀಕರು ಇದನ್ನು ಏಡಿಯ ಹೆಸರಿನಿಂದ ಕರೆದರು. ಕನ್ನಡದ ‘ಏಡಿಗಂತಿ’ ಎಂಬ ಮಾತಿನಲ್ಲಿಯೂ ಆ ಪ್ರಾಣಿಯೇ ಇದೆ. ಮುಖರ್ಜಿಯವರ ಗ್ರಂಥದಲ್ಲಿ ಏಡಿಯು ಚಕ್ರವರ್ತಿಯಾಗಿದೆ. ಚಕ್ರವರ್ತಿಯ ಹಿಂದೆ ಯುದ್ಧವೂ ಸೇನಾನಾಯಕರೂ ಬರುವುದು ಸಹಜವೇ. ಮಕ್ಕಳ ರಕ್ತಕ್ಯಾನ್ಸರಿಗೆ ಔಷಧವನ್ನು ಪ್ರಯೋಗಿಸಿ 1948ರಲ್ಲಿ ಫಲವನ್ನು ಪ್ರಕಟಿಸಿದ ಬಾಸ್ಟನ್ನಿನ ಸಿಡ್ನಿ ಫಾರ್ಬರರೂ, ಆ ಔಷಧವನ್ನು ಒದಗಿಸಿದ ಸಂಶೋಧಕರಿಗೆ ಮುಂದಾಳಾಗಿದ್ದ ಯಲ್ಲಾಪ್ರಗಡ ಸುಬ್ಬರಾಯರೂ ಈ ಕಥನದಲ್ಲಿ ಸಜೀವರಾಗಿ ನಿಲ್ಲುವರು. ಇಷ್ಟು ದೀರ್ಘವಾದ ಗ್ರಂಥವು ಬೇಸರ ತಾರದಿರುವುದಕ್ಕೆ ಈ ರೂಪಕವೇ ಕಾರಣ.

ಆದರೆ ರೂಪಕವು ಓದಿಸುವುದಷ್ಟೇ ಅಲ್ಲ, ಚಿಕಿತ್ಸೆಯನ್ನೂ ನಡೆಸುವುದೆಂಬುದಕ್ಕೆ ಈ ಗ್ರಂಥವೇ ಸಾಕ್ಷಿ. ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್, ರೋಗವನ್ನು ಬೇರುಸಹಿತ ಕಿತ್ತೆಸೆಯಬೇಕೆಂದು ನಂಬಿ, ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸ್ತನದೊಡನೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ಕತ್ತರಿಸುವ ಪದ್ಧತಿಯನ್ನು ಬಳಕೆಗೆ ತಂದರು. ಬರ್ನಾರ್ಡ್ ಫಿಷರರು 1971ರಲ್ಲಿ ಆರಂಭಿಸಿದ ಪರೀಕ್ಷೆಯ ಹತ್ತು ವರ್ಷಗಳ ಫಲವು 1985ರಲ್ಲಿ ಪ್ರಕಟವಾದಾಗ, ಸ್ನಾಯುಗಳನ್ನು ಉಳಿಸಿಕೊಂಡವರೂ ಕಳೆದುಕೊಂಡವರಷ್ಟೇ ಕಾಲ ಬದುಕಿದರೆಂಬುದು ಸ್ಪಷ್ಟವಾಯಿತು. ‘ಬೇರು’ ಎಂಬ ಒಂದು ಮಾತಿಗೆ ಅಸಂಖ್ಯ ಸ್ತ್ರೀಯರ ದೇಹವು ಬೆಲೆ ತೆತ್ತಿತು. ಇದನ್ನು ನಿರ್ದಾಕ್ಷಿಣ್ಯವಾಗಿ ನಿರೂಪಿಸಿದ ಲೇಖಕರು ತಮ್ಮ ಚಕ್ರವರ್ತಿಯನ್ನು ಮಾತ್ರ ಇದೇ ಪರೀಕ್ಷೆಗೆ ಸಾಕಷ್ಟು ಒಡ್ಡಲಿಲ್ಲ. ಯುದ್ಧವೆಂದಮೇಲೆ ಸತ್ತವನು ಸೋತವನೆನಿಸುವನು. ರೋಗಕ್ಕೆ ಕಟ್ಟುವ ಇಂಥ ರೂಪಕಗಳು ರೋಗಿಯನ್ನೇ ನೋಯಿಸುವುವೆಂದು ಸೂಸನ್ ಸಾಂಟ್ಯಾಗ್ 1978ರಲ್ಲಿಯೇ ಎಚ್ಚರಿಸಿದ್ದರು.

ಗ್ರಂಥಾಂತ್ಯದ ಒಂದು ಕಲ್ಪನೆಯಲ್ಲಿ ಈ ದೋಷಕ್ಕೆ ಪರಿಹಾರವೂ ಉಂಟು. ಹೆರೊಡೋಟಸನು ಹೇಳಿರುವ ಪಾರಸೀಕ ರಾಣಿ ಅಟೋಸಾಳ ಸ್ತನದ ಗಡ್ಡೆಯನ್ನು ಲೇಖಕರು ಕ್ಯಾನ್ಸರೆಂದು ಊಹಿಸಿ, ಆಕೆಯನ್ನು ಯುಗದಿಂದ ಯುಗಕ್ಕೆ ಕರೆದೊಯ್ದು, ಒಂದೊಂದು ಕಾಲದ ಚಿಕಿತ್ಸೆಯೂ ಆಕೆಗೆ ಏನನ್ನು ನೀಡುತ್ತಿತ್ತೆಂದು ತೋರಿಸಿರುವರು. ಆಕೆಯದು ಸ್ತನದ ರೋಗವಾದರೆ ಆಯುಷ್ಯವು ಬಹಳ ಹೆಚ್ಚುವುದು. ಮೇದೋಜೀರಕ ಗ್ರಂಥಿಯ ರೋಗವಾದರೆ ಎರಡೂವರೆ ಸಾವಿರ ವರ್ಷಗಳು ಕಳೆದರೂ ಕೆಲವೇ ತಿಂಗಳು. ಇಲ್ಲಿ ಚಕ್ರವರ್ತಿಯು ಮರೆಯಾಗಿ, ಬೇರೆಬೇರೆ ರೋಗಗಳೂ ಒಬ್ಬ ರೋಗಿಯೂ ಉಳಿಯುವರು. ವಿಜ್ಞಾನದ ಇತಿಹಾಸವನ್ನು ಅಳೆಯುವುದಕ್ಕೆ ವೀರರ ಕೀರ್ತಿಗಿಂತ ಈ ರೋಗಿಯ ಆಯುಷ್ಯವೇ ತಕ್ಕ ಮಾನದಂಡ.