ಅಳಿಸುವ ಮುನ್ನ ಆಡಬೇಕಾದ ಮಾತು

2021ರ ನವೆಂಬರಿನಲ್ಲಿ ಬಂದ ಒಂದು ಯೂಟ್ಯೂಬ್ ವಿಡಿಯೊವನ್ನು ಲಿನಕ್ಸ್ ಬಳಗ ಇನ್ನೂ ಮರೆತಿಲ್ಲ. ಕೆನಡಾದ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ ಪಾಪ್ ಓಎಸ್ ಎಂಬ ಲಿನಕ್ಸ್ ಹಾಕಿಕೊಂಡು, ಅದರ ಮೇಲೆ ಆಟಗಳ ಮಳಿಗೆಯಾದ ಸ್ಟೀಮ್ ಇನ್‌ಸ್ಟಾಲ್ ಮಾಡಲು ಕೂತಿದ್ದರು. ಆ್ಯಪ್ ಅಂಗಡಿ ಕೈಕೊಟ್ಟಿತು. ಟರ್ಮಿನಲ್ ತೆರೆದು ಆದೇಶ ಕೊಟ್ಟರು. ಪ್ಯಾಕೇಜುಗಳನ್ನು ನೋಡಿಕೊಳ್ಳುವ ಆಪ್ಟ್ ಪರದೆಯ ತುಂಬ ಹೆಸರುಗಳನ್ನು ಸುರಿಯಿತು. ಮುಂದುವರಿಯಬೇಕಿದ್ದರೆ ‘ಹೌದು, ನಾನು ಹೇಳಿದಂತೆ ಮಾಡು’ ಎಂಬರ್ಥದ ಇಂಗ್ಲಿಷ್ ವಾಕ್ಯವನ್ನು ಟೈಪ್ ಮಾಡಿ ಎಂದಿತು. ಅವರು ಮಾಡಿದರು. ಡೆಸ್ಕ್‌ಟಾಪ್ ಪೂರ್ತಿ ಕಿತ್ತುಹೋಯಿತು.

ಓದದೆ ಒತ್ತಿದ್ದು ಅವರದೇ ತಪ್ಪು ಎಂದವರು ಬಹಳ ಮಂದಿ. ಆ ತೀರ್ಪು ಸರಿಯಲ್ಲ. ಎಚ್ಚರಿಕೆ ಅಲ್ಲಿತ್ತು, ನಿಜ. ಅತ್ಯಗತ್ಯ ಪ್ಯಾಕೇಜುಗಳು ಹೋಗುತ್ತವೆ ಎಂದೂ ಬರೆದಿತ್ತು. ಆದರೆ ಒಂದು ಸಾಮಾನು ಒಳಗೆ ತರಲು ಹೊರಟವನಿಗೆ ‘ಇದು ಬರಬೇಕಾದರೆ ನಿಮ್ಮ ಡೆಸ್ಕ್‌ಟಾಪ್ ಹೋಗುತ್ತದೆ’ ಎಂದು ಮೊದಲ ಸಾಲಿನಲ್ಲೇ ಯಾರೂ ಹೇಳಲಿಲ್ಲ. ಹೆಸರುಗಳ ರಾಶಿಯಲ್ಲಿ ಆ ಮಾತು ಹೂತುಹೋಗಿತ್ತು. ಆಪ್ಟ್ ಬರೆಯುವವರು ಇದರಿಂದ ಪಾಠ ಕಲಿತರು. ಅತ್ಯಗತ್ಯ ಪ್ಯಾಕೇಜನ್ನು ಹಾಗೆ ಸುಲಭಕ್ಕೆ ತೆಗೆಯಲು ಈಗ ಅದು ಒಪ್ಪುವುದಿಲ್ಲ. 2025ರಲ್ಲಿ ಬಂದ 3.0 ಆವೃತ್ತಿಯಲ್ಲಿ ಹೋಗುವವು ಕೆಂಪಿನಲ್ಲಿ, ಬರುವವು ಹಸಿರಿನಲ್ಲಿ, ಸಾಲುಸಾಲಾಗಿ ಕಾಣುತ್ತವೆ.

ಇನ್‌ಸ್ಟಾಲರ್‌ನ ಮಾತನ್ನು ಸವಿದು ನೋಡುವವರು ಮೊದಲು ಹುಡುಕುವುದು ಬಟನ್ನಿನ ಮೇಲಿನ ಪದವನ್ನು. ಆಪಲ್ ಕಂಪನಿಯ ಲೀಸಾ ಕಂಪ್ಯೂಟರ್ ತಯಾರಾಗುತ್ತಿದ್ದಾಗ ಒಪ್ಪಿಗೆಯ ಬಟನ್ನಿಗೆ ‘ಡು ಇಟ್’ (Do It) ಎಂದು ಹೆಸರಿಟ್ಟಿದ್ದರು. ಆಗಿನ ಅಕ್ಷರಶೈಲಿಯಲ್ಲಿ ಎರಡು ಪದಗಳ ನಡುವಿನ ಜಾಗ ಸರಿಯಾಗಿ ಕಾಣದೆ, ಪರೀಕ್ಷೆಗೆ ಬಂದವರೊಬ್ಬರು ಅದನ್ನು ‘ಡೋಲ್ಟ್’ (Dolt), ಅಂದರೆ ಪೆದ್ದ, ಎಂದು ಓದಿಕೊಂಡು ಸಿಟ್ಟಾದರು. ಬಟನ್ ‘ಓಕೆ’ ಆಯಿತು. ಎದುರಿಗೆ ಒಬ್ಬ ಮನುಷ್ಯನನ್ನು ಕೂರಿಸಿ ಓದಿಸಿದ್ದರಿಂದಲೇ ಆ ತಪ್ಪು ಸಿಕ್ಕಿತು.

1982ರಲ್ಲೇ ಕಂಪ್ಯೂಟರ್ ವಿಜ್ಞಾನಿ ಬೆನ್ ಶ್ನೈಡರ್‌ಮನ್ ಕಂಪ್ಯೂಟರ್ ಸಂದೇಶಗಳ ಮೇಲೆ ಪ್ರಯೋಗ ನಡೆಸಿ, ಗದರಿಸುವ ಪದಗಳನ್ನು ಬಿಡಿ, ಏನು ಮಾಡಬೇಕೆಂದು ಹೇಳಿ ಎಂದು ಬರೆದಿದ್ದರು. ಆದರೂ ವಿಂಡೋಸ್ ಇನ್‌ಸ್ಟಾಲರ್‌ನ 1603 ಎಂಬ ದೋಷಸಂಖ್ಯೆ ಹಾಗೇ ಉಳಿಯಿತು. ‘ಮಾರಕ ದೋಷ’ ಎಂಬುದಷ್ಟೇ ಅದರ ವಿವರಣೆ. ಫೋಲ್ಡರ್ ಎನ್‌ಕ್ರಿಪ್ಟ್ ಆಗಿರಬಹುದು, ಬರೆಯುವ ಅನುಮತಿ ಇಲ್ಲದಿರಬಹುದು, ತಂತ್ರಾಂಶ ಮೊದಲೇ ಇರಬಹುದು. ಎಲ್ಲಕ್ಕೂ ಅದೇ ಸಂಖ್ಯೆ.

ಚೆನ್ನಾಗಿ ಬರೆದದ್ದೂ ಇದೆ. ಉಬುಂಟು ಎಂಬ ಲಿನಕ್ಸ್‌ನ ಇನ್‌ಸ್ಟಾಲರ್‌ನಲ್ಲಿ ಇಡೀ ಡಿಸ್ಕ್ ಅಳಿಸುವ ಆಯ್ಕೆಯ ಕೆಳಗೆ ಬಹಳ ವರ್ಷ ಒಂದು ಸಾಲು ಇತ್ತು: ನಿಮ್ಮ ಪ್ರೋಗ್ರಾಮುಗಳು, ದಾಖಲೆಗಳು, ಫೋಟೊಗಳು, ಹಾಡುಗಳು ಎಲ್ಲವೂ ಅಳಿಸಿಹೋಗುತ್ತವೆ ಎಂದು. ‘ಪಾರ್ಟಿಷನ್’ ಎಂದಿದ್ದರೆ ಕಣ್ಣು ಜಾರಿ ಮುಂದೆ ಹೋಗುತ್ತಿತ್ತು. ‘ಫೋಟೊ’ ಎಂದಾಗ ಮಗುವಿನ ನಾಮಕರಣದ ಚಿತ್ರಗಳು ನೆನಪಾಗಿ ಬೆರಳು ನಿಲ್ಲುತ್ತದೆ. ಇನ್‌ಸ್ಟಾಲರ್ ಬರಹದ ಅತ್ಯುತ್ತಮ ವಾಕ್ಯಗಳಲ್ಲಿ ಇದೊಂದು.

ಕನ್ನಡಕ್ಕೆ ಬಂದಾಗ ತೊಡಕು ಬೇರೆಯದು. ಲಿನಕ್ಸ್‌ನ ಪಠ್ಯಪರದೆಗೆ ಒತ್ತಕ್ಷರ ಜೋಡಿಸಲು ಬರುತ್ತಿರಲಿಲ್ಲ. ಡೆಬಿಯನ್ ಎಂಬ ಲಿನಕ್ಸ್‌ನ 2007ರ 4.0 ಆವೃತ್ತಿಯ ಜೊತೆ ಚಿತ್ರರೂಪದ ಇನ್‌ಸ್ಟಾಲರ್ ಬಂದ ಮೇಲೆ ಭಾರತೀಯ ಲಿಪಿಗಳಿಗೆ ದಾರಿಯಾಯಿತು; ಇಂದು ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಲಿಪಿ ಸರಿಹೋದರೂ ವಾಕ್ಯ ಸರಿಹೋಗಬೇಕಲ್ಲ. ಇಂಗ್ಲಿಷ್ ಮೂಲದಲ್ಲಿ ತಂತ್ರಾಂಶದ ಹೆಸರಿಗೆ ಖಾಲಿ ಜಾಗ ಬಿಟ್ಟಿರುತ್ತಾರೆ. ಕನ್ನಡದಲ್ಲಿ ವಿಭಕ್ತಿ ಹೆಸರಿಗೇ ಅಂಟಬೇಕು. ಹಾಗಾಗಿ ‘ಅನ್ನು’ ಎಂಬುದು ತಬ್ಬಲಿಯಂತೆ ದೂರ ನಿಲ್ಲುತ್ತದೆ. ‘ಇನ್‌ಸ್ಟಾಲ್ ಆಗುತ್ತಿದೆ:’ ಎಂದು ಮೊದಲು ಬರೆದು, ಹೆಸರನ್ನು ಕೊನೆಗಿಟ್ಟರೆ ಈ ತೊಂದರೆಯೇ ಇಲ್ಲ.

‘ಅನುಸ್ಥಾಪಿಸು’ ಎಂಬ ಪದ ಅನುವಾದಗಳಲ್ಲಿ ಬೇರೂರಿದೆ. ಅಂಗಡಿಯಲ್ಲಿ, ಕಾಲೇಜಿನಲ್ಲಿ, ಸೈಬರ್ ಕೆಫೆಯಲ್ಲಿ ಜನ ಆಡುವುದು ‘ಇನ್‌ಸ್ಟಾಲ್ ಮಾಡು’ ಎಂದೇ. ಅದಕ್ಕಿಂತ ಹೆಚ್ಚು ಕಾಡುವುದು ‘ಲಾಗುವುದು’. ‘ಕಡತಗಳನ್ನು ಅಳಿಸಲಾಗುವುದು’ ಎಂಬುದು ಸರ್ಕಾರಿ ಸುತ್ತೋಲೆಯ ಧಾಟಿ. ‘ನಿಮ್ಮ ಫೈಲುಗಳು ಅಳಿಸಿಹೋಗುತ್ತವೆ’ ಎಂದರೆ ಅಜ್ಜಿಗೂ ಅರ್ಥವಾಗುತ್ತದೆ. ಇನ್ನು ‘ರದ್ದು ಮಾಡಬೇಕೆ?’ ಎಂಬ ಪ್ರಶ್ನೆಯ ಕೆಳಗೆ ‘ಸರಿ’, ‘ರದ್ದು ಮಾಡು’ ಎಂಬ ಎರಡು ಬಟನ್ ಇಟ್ಟರೆ ಯಾವುದನ್ನು ಒತ್ತಿದರೆ ಏನಾಗುತ್ತದೆಂದು ಹೇಳಬಲ್ಲವರು ಯಾರು?

ಡೆಬಿಯನ್‌ನಂತಹ ಮುಕ್ತ ತಂತ್ರಾಂಶಗಳ ಕನ್ನಡ ಅನುವಾದ ಸ್ವಯಂಸೇವಕರ ಕೆಲಸ. ಯಾರು ಬೇಕಾದರೂ ಕೈಜೋಡಿಸಬಹುದು. ಅನುವಾದಕ್ಕೆ ಕೂರುವವರು ಬಟನ್ನಿನ ಮೇಲೆ ‘ಸರಿ’ ಎನ್ನುವ ಬದಲು ಆಗುವ ಕೆಲಸವನ್ನೇ ಬರೆಯಿರಿ: ‘ಡಿಸ್ಕ್ ಅಳಿಸು’, ‘ಹಾಗೇ ಬಿಡು’. ಬರೆದ ಸಾಲನ್ನು ಕಂಪ್ಯೂಟರ್ ಗೊತ್ತಿಲ್ಲದ ಮನೆಯವರೊಬ್ಬರಿಗೆ ಓದಿ ಹೇಳಿ, ಏನು ತಿಳಿಯಿತೆಂದು ಕೇಳಿ, ಆಮೇಲೆ ಕಳಿಸಿ.