ರಾಜನ ಪಕ್ಕದಲ್ಲಿ ಕುಳ್ಳ

ಹೊರದೇಶದಲ್ಲಿ ಚಿತ್ರೀಕರಿಸಿದ ಮೊದಲ ಕನ್ನಡ ಸಿನಿಮಾ ಎಂಬ ಹೆಸರು 1978ರ ‘ಸಿಂಗಾಪೂರ್‌ನಲ್ಲಿ ರಾಜಾ ಕುಳ್ಳ’ನದು. ನನ್ನ ಕಣ್ಣು ಮಾತ್ರ ಸಿಂಗಪುರಕ್ಕಿಂತ ಹೆಚ್ಚಾಗಿ ಅದರ ಇಬ್ಬರು ನಟರ ಮೇಲೆಯೇ. ಎತ್ತರದ ವಿಷ್ಣುವರ್ಧನ್, ಗಿಡ್ಡ ದ್ವಾರಕೀಶ್. ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯಲು ಕ್ಯಾಮೆರಾ ತುಸು ಹಿಂದೆ ಸರಿಯಲೇಬೇಕು. ಸರಿದಾಗ ಮುಖದ ಜೊತೆ ಕೈ, ಭುಜ, ನಡಿಗೆ ಎಲ್ಲವೂ ನಟಿಸುತ್ತವೆ. ಒಬ್ಬರ ಒಂದು ಹೆಜ್ಜೆಗೆ ಇನ್ನೊಬ್ಬರದು ಎರಡು. ಆ ತಾಳವೇ ಅರ್ಧ ಹಾಸ್ಯ! ದ್ವಾರಕೀಶ್ ಕತ್ತೆತ್ತಿ ನೋಡಿದರೆ ಸಾಕು, ಮಾತು ಆಮೇಲೆ ಬಂದರೂ ನಡೆಯುತ್ತದೆ. ವಿಷ್ಣು ಆತುರಪಡದೆ ಗೆಳೆಯನಿಗೆ ಜಾಗ ಬಿಡುತ್ತಾರೆ. ನಾಯಕನಟನಲ್ಲಿ ಈ ಔದಾರ್ಯ ಅಪರೂಪ. ರಾಜನ್–ನಾಗೇಂದ್ರರ ಸಂಗೀತ ಬೇರೆ.

ಇಬ್ಬರೂ ಈಗಿಲ್ಲ. ವಿಷ್ಣು ಅಂತ್ಯಕ್ರಿಯೆ ನಮ್ಮ ಕೆಂಗೇರಿ ಬಳಿಯ ಅಭಿಮಾನ್ ಸ್ಟುಡಿಯೋದಲ್ಲಿ ನಡೆದದ್ದು 2009ರಲ್ಲಿ. ದ್ವಾರಕೀಶ್ 2024ರಲ್ಲಿ ಹೋದರು. ತೆರೆಯ ಮೇಲೆ ಆ ಜೋಡಿ ಇನ್ನೂ ಇದೆ; ಮನೆಯ ಮಕ್ಕಳನ್ನು ಪಕ್ಕ ಕೂರಿಸಿಕೊಂಡು ಈ ಚಿತ್ರ ನೋಡಿ.